ನೋಟದ ದಿನ

ನಮ್ಮೂರಿನ ಪುರಸಭೆಯ ಸಭಾಂಗಣದಲ್ಲಿ ಒಂಬತ್ತು ಮಂದಿ ಮಾಜಿ ಅಧ್ಯಕ್ಷರ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಅವರಲ್ಲಿ ಎಂಟು ಮಂದಿ ನಮಗೆ ಬೆನ್ನು ತೋರಿಸಿಕೊಂಡಿದ್ದಾರೆ. ಕೋಟಿನ ಹಿಂಭಾಗ, ಪೇಟದ ಹಿಂಭಾಗ, ಒಬ್ಬರದಂತೂ ಬೋಳುತಲೆಯ ಹಿಂಭಾಗ. ಒಂಬತ್ತನೆಯವರು ಮಾತ್ರ ಈಗಲೂ ಮುಖ ಕೊಟ್ಟುಕೊಂಡು ಕೂತಿದ್ದಾರೆ. ಅವರ ಸೊಸೆ ಅದೇ ಕಚೇರಿಯಲ್ಲಿ ಗುಮಾಸ್ತೆ. ವರ್ಷಕ್ಕೊಮ್ಮೆ ಬಂದು ನಿಂತು ಮಾವನ ಮುಖ ನೋಡಿ ಹೋಗುತ್ತಾಳೆ. ಪ್ರೀತಿಯಿಂದ ನೋಡುತ್ತಾಳೋ ಸಿಟ್ಟಿನಿಂದಲೋ ಎಂದು ಯಾರೂ ಕೇಳಿದ್ದಿಲ್ಲ. ನೋಡಿದರೆ ಸಾಕು.

ವರ್ಷವಿಡೀ ಯಾರೂ ನೋಡದಿದ್ದರೆ ಫೋಟೋದಲ್ಲಿರುವವರು ತಿರುಗಿಕೊಳ್ಳುತ್ತಾರೆ. ತಿರುಗಿದವರು ಮತ್ತೆ ಈ ಕಡೆ ಮುಖ ಮಾಡಿದ್ದನ್ನು ಕಂಡವರಿಲ್ಲ. ನೋಡುವವರು ಅವರನ್ನು ಬಲ್ಲವರಾಗಿರಬೇಕು, ದಾರಿಹೋಕರ ಕಣ್ಣು ನಡೆಯುವುದಿಲ್ಲ. ಗುಂಪಿನ ಫೋಟೋ ಆದರೆ ಯಾರನ್ನು ನೋಡಿದರೋ ಅವರಷ್ಟೇ ಉಳಿಯುತ್ತಾರೆ. ಅದಕ್ಕೇ ನಮ್ಮೂರ ಮದುವೆ ಆಲ್ಬಮ್ಮುಗಳಲ್ಲಿ, ಗಂಡಿನ ಮನೆಯಲ್ಲಿರುವುದನ್ನು ಬಿಡಿಸಿದರೆ ಹೆಣ್ಣಿನ ಕಡೆಯವರೆಲ್ಲ ಬೆನ್ನು, ಹೆಣ್ಣಿನ ಮನೆಯದನ್ನು ಬಿಡಿಸಿದರೆ ಬೀಗರೆಲ್ಲ ಬೆನ್ನು. ಹೊಸದಾಗಿ ನಂಟಸ್ತಿಕೆ ಬೆಳೆಸುವವರು ಮೊದಲು ಆ ಕಡೆಯವರ ಆಲ್ಬಮ್ ಕೇಳಿ ಪಡೆದು, ಹಿರಿಯ ಸೊಸೆಯ ಅಪ್ಪ ಅಮ್ಮ ಯಾವ ಕಡೆ ಮುಖ ಮಾಡಿದ್ದಾರೆ ಎಂದು ನೋಡಿಕೊಂಡು ಬರುತ್ತಾರೆ. ಜಾತಕಕ್ಕಿಂತ ಅದು ಗಟ್ಟಿ.

ಹೊರಗಿನಿಂದ ಬಂದವರು, ಗೋಡೆಗೆ ಹಾಕಿಕೊಂಡರಾಯಿತಲ್ಲ, ದಿನಾ ಕಣ್ಣಿಗೆ ಬೀಳುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಎಲ್ಲಕ್ಕಿಂತ ಮೊದಲು ತಿರುಗುವುದೇ ಗೋಡೆಯ ಮೇಲಿನವು. ದಿನಾ ಕಣ್ಣಿಗೆ ಬೀಳುವುದನ್ನು ಯಾರು ನೋಡುತ್ತಾರೆ? ನನ್ನ ಹೆಂಡತಿ ವಿಮಲಾಕ್ಷಿ ಕಾಮಾಲೆಯಾಗಿ ಮೂರೇ ವಾರದಲ್ಲಿ ತೀರಿಕೊಂಡಾಗ ಅವಳ ದೊಡ್ಡದೊಂದು ಫೋಟೋಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ. ದಿನಾ ಊದುಬತ್ತಿ ಹಚ್ಚುತ್ತಿದ್ದೆ, ವಾರಕ್ಕೊಮ್ಮೆ ಹಾರ ಬದಲಿಸುತ್ತಿದ್ದೆ. ಎರಡನೇ ವರ್ಷ ಒಂದು ಬೆಳಿಗ್ಗೆ ಹಾರ ತೆಗೆದರೆ ಹಿಂದೆ ಜಡೆ ಕಾಣಿಸಿತು. ಒಂದು ಇಡೀ ವರ್ಷ ನಾನು ಊದುಬತ್ತಿ ನೋಡಿದ್ದೆ, ಹಾರ ನೋಡಿದ್ದೆ, ಗಾಜಿನ ಮೇಲಿನ ಧೂಳು ನೋಡಿದ್ದೆ, ಅವಳನ್ನು ನೋಡಿರಲಿಲ್ಲ. ಮಗಳು ಏಳುವ ಮೊದಲೇ ಫೋಟೋ ಇಳಿಸಿ, ಕಟ್ಟು ಬಿಚ್ಚಿ ಒಲೆಗೆ ಹಾಕಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹಾಗಾಗಿ ನಮ್ಮಲ್ಲಿ ಪ್ರತಿ ಮನೆಗೂ ಒಂದು ನೋಟದ ದಿನ ಇರುತ್ತದೆ. ಅವತ್ತು ಬೆಳಿಗ್ಗೆ ಮಿಂದು, ಅಡುಗೆ ಬೇಗ ಮುಗಿಸಿ, ಮನೆಯವರೆಲ್ಲ ಕೂತು ಇದ್ದಬದ್ದ ಫೋಟೋಗಳನ್ನು ಒಂದೊಂದಾಗಿ ನೋಡಿ ಮುಗಿಸುತ್ತಾರೆ. ಮುಂದಿನ ವರ್ಷ ಅದೇ ದಿನ ಹೊತ್ತು ಮುಳುಗುವವರೆಗೆ ಅವಕಾಶ. ನಡುವೆ ಬಿಡಿಬಿಡಿಯಾಗಿ ತೆಗೆದು ನೋಡುವ ರೂಢಿ ಇಲ್ಲ. ಯಾವುದನ್ನು ಯಾವತ್ತು ನೋಡಿದೆವು ಎಂಬುದು ಹಾದಿ ತಪ್ಪಿ, ನಾಲ್ಕು ನೋಡುವ ಆಸೆಗೆ ನಲವತ್ತು ಕಳೆದುಕೊಂಡ ಮನೆಗಳಿವೆ. ನಕಲು ಇಟ್ಟುಕೊಳ್ಳುವ ರೂಢಿಯಂತೂ ಇಲ್ಲವೇ ಇಲ್ಲ. ನಕಲಿಗೂ ಮೂಲದ ಗಡುವೇ ಬರುತ್ತದೆ, ಬಂದಮೇಲೆ ಅದನ್ನು ಬೇರೆಯಾಗಿ ನೋಡಬೇಕು. ಎರಡು ನಕಲು ಇಟ್ಟುಕೊಂಡವನು ಮೂರು ಸಲ ನೋಡಬೇಕು. ಅಷ್ಟು ಕಣ್ಣು ಯಾರಿಗಿದೆ?

ರೀಲಿನ ಕಾಲದಲ್ಲಿ ಇದೆಲ್ಲ ಸಲೀಸಾಗಿತ್ತು. ನನ್ನ ಅಂಗಡಿಯ ಪಕ್ಕದ ಸ್ಟುಡಿಯೋದ ದಸ್ತಗೀರ್ ಸಾಹೇಬರು ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿ ಸರಿಮಾಡಿ, ಒಂದೇ ಒಂದು ತೆಗೆಯುತ್ತಿದ್ದರು. ಇನ್ನೊಂದು ತೆಗೆಯಿರಿ ಎಂದರೆ, ನೋಡೋರು ಯಾರಪ್ಪ ಎಂದು ಗದರುತ್ತಿದ್ದರು. ಆಮೇಲೆ ಡಿಜಿಟಲ್ ಬಂತು. ಜನ ಹುಚ್ಚೆದ್ದು ಇಡ್ಲಿಯದ್ದೂ ಬೆಕ್ಕಿನದ್ದೂ ಬಾಗಿಲಿನದ್ದೂ ಫೋಟೋ ತೆಗೆದರು. ಮೂರು ವರ್ಷದಲ್ಲಿ ಅರ್ಧ ಊರಿನ ಕಂಪ್ಯೂಟರುಗಳು ಬರೀ ಬೆನ್ನುಗಳಿಂದ ತುಂಬಿಹೋದವು. ಬೆನ್ನನ್ನು ಮನೆಯಲ್ಲಿಟ್ಟುಕೊಳ್ಳಬಾರದು ಎನ್ನುವುದು ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆ. ಕಾಗದದ್ದಾದರೆ ಒಲೆಗೆ ಹಾಕುತ್ತಾರೆ, ಕಂಪ್ಯೂಟರಿನಲ್ಲಿರುವುದನ್ನು ಅಳಿಸಲು ನನ್ನ ಹತ್ತಿರ ಬರುತ್ತಾರೆ.

ನಾನು ಮಹಾಲಿಂಗ. ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಬೆನ್ನು ಅಳಿಸುವುದು ಹೊಟ್ಟೆಪಾಡಿಗಾದರೆ, ಕೆಟ್ಟ ಹಾರ್ಡ್‌ಡಿಸ್ಕಿನಿಂದ ಫೋಟೋ ಎತ್ತುವುದು ನನ್ನ ಹೆಸರಿಗೆ. ನೀರಿಗೆ ಬಿದ್ದದ್ದು, ಇಲಿ ಕಡಿದದ್ದು, ಮಗು ನೆಲಕ್ಕೆ ಬಡಿದದ್ದು, ಎಲ್ಲವೂ ನನ್ನ ಮೇಜಿಗೆ ಬಂದಿವೆ. ಬಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ನಕಲು, ಆಮೇಲೆ ನೋಟ. ಏಟು ತಿಂದ ಡಿಸ್ಕಿಗೆ ಉಳಿದಿರುವುದು ಕೆಲವೇ ಉಸಿರು. ಅದನ್ನು ತೆರೆದು ಒಂದೊಂದೇ ಫೋಟೋ ನೋಡಲು ಹೋದರೆ ಉಸಿರೆಲ್ಲ ಅದರಲ್ಲೇ ತೀರಿಹೋಗುತ್ತದೆ. ಒಳಗೇನಿದೆ ಎಂದು ಇಣುಕದೆ ತಲೆಯಿಂದ ಬಾಲದವರೆಗೆ ಹಾಗ್ಹಾಗೇ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಆದರೆ ನಮ್ಮೂರ ಜನಕ್ಕೆ ಗಡುವಿನ ಭಯ. ಡಿಸ್ಕು ಕೈಕೊಟ್ಟ ಕೂಡಲೇ ಮೈಮೇಲೆ ಬಂದವರಂತೆ ತೆರೆದು ನೋಡತೊಡಗುತ್ತಾರೆ. ರುದ್ರಮುನಿ ಮೇಷ್ಟ್ರು ಹೀಗೇ ಮಾಡಿ, ಒಂಬೈನೂರು ಫೋಟೋಗಳಲ್ಲಿ ನಾಲ್ಕನ್ನು ನೋಡಿ ಬೇರೆಡೆ ಉಳಿಸಿಕೊಂಡು, ಉಳಿದದ್ದನ್ನು ಡಿಸ್ಕಿನ ಸಮೇತ ಮಣ್ಣು ಮಾಡಿಕೊಂಡು ನನ್ನ ಮುಂದೆ ಬಂದು ನಿಂತಿದ್ದರು. ಆ ಕಥೆಯನ್ನು ನಾನು ವರ್ಷಗಟ್ಟಲೆ ಗಿರಾಕಿಗಳಿಗೆ ನಗುನಗುತ್ತಾ ಹೇಳಿದ್ದೇನೆ. ಮೇಷ್ಟ್ರ ಮನೆಯಲ್ಲಿ ಆ ನಾಲ್ಕು ಫೋಟೋಗಳು ಈಗಲೂ ಮುಖ ಕೊಟ್ಟುಕೊಂಡು ಇವೆ ಎಂಬುದನ್ನು ಮಾತ್ರ ಸೇರಿಸುತ್ತಿರಲಿಲ್ಲ.

ವಿಮಲಾಕ್ಷಿಯ ಫೋಟೋಗಳು ಎರಡು ಸಾವಿರದ ಮುನ್ನೂರ ಹದಿನಾಲ್ಕು. ಅಷ್ಟನ್ನೂ ತೆಗೆದವನು ನಾನೇ. ಯಾರೋ ರಿಪೇರಿಗೆ ತಂದು ಬಿಟ್ಟುಹೋದ ಕ್ಯಾಮೆರಾ ಒಂದು ನನ್ನ ಪಾಲಿಗೆ ಬಂದಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಕುತ್ತಿಗೆಯಿಂದ ಇಳಿಸುತ್ತಿರಲಿಲ್ಲ. ಅವಳು ಸೊಪ್ಪು ಬಿಡಿಸುವಾಗ, ಬಚ್ಚಲ ಒಲೆಗೆ ಉರಿ ಹಾಕುವಾಗ, ಬಸುರಿಯಾಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಾಗ, ಎಲ್ಲವನ್ನೂ ತೆಗೆದಿದ್ದೆ. ಇಷ್ಟೆಲ್ಲ ನೋಡೋರು ಯಾರು ಎಂದು ಅವಳು ಬೈಯುತ್ತಿದ್ದಳು. ನಾನು ನೋಡ್ತೀನಿ ಎನ್ನುತ್ತಿದ್ದೆ. ಮಗಳು ಉಜ್ವಲಳಿಗೆ ಎರಡು ವರ್ಷ ತುಂಬುವ ಮೊದಲೇ ಅವಳು ಹೋದಳು. ಮಗಳಿಗೆ ಅಮ್ಮ ಎಂದರೆ ಆ ಎರಡು ಸಾವಿರದ ಮುನ್ನೂರ ಹದಿನಾಲ್ಕೇ. ನಮ್ಮ ಮನೆಯ ನೋಟದ ದಿನ ಫೆಬ್ರವರಿ ಹದಿನೆಂಟು, ವಿಮಲಾಕ್ಷಿ ಹುಟ್ಟಿದ ದಿನ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಐದರ ಹೊತ್ತಿಗೆ ಮುಗಿಯುತ್ತಿತ್ತು. ಉಜ್ವಲ ಆ ಒಂದು ದಿನಕ್ಕಾಗಿ ವರ್ಷ ಪೂರ್ತಿ ಕಾಯುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ, ಯಾವ ಫೋಟೋ ಆದಮೇಲೆ ಯಾವುದು ಬರುತ್ತದೆಂದು ಬಾಯಿಪಾಠ ಹೇಳುತ್ತಿದ್ದಳು. ಮುಂದಿನದರಲ್ಲಿ ಅಮ್ಮ ನಗ್ತಾಳೆ ಎನ್ನುತ್ತಿದ್ದಳು, ತೆರೆದರೆ ಅವಳಮ್ಮ ನಗುತ್ತಿದ್ದಳು.

ಕಳೆದ ವರ್ಷ ಫೆಬ್ರವರಿ ಏಳರಂದು ಬೀರುವಿನಿಂದ ಡಿಸ್ಕನ್ನು ಹೊರಗೆ ತೆಗೆದೆ. ನೋಟದ ದಿನಕ್ಕೆ ಮೊದಲೇ ಒಮ್ಮೆ ಜೋಡಿಸಿ, ಫೋಟೋ ತೆರೆಯದೆ, ಡಿಸ್ಕಿನ ಆರೋಗ್ಯ ಮಾತ್ರ ನೋಡಿಡುವುದು ನನ್ನ ಅಭ್ಯಾಸ. ಕಸುಬುದಾರನ ಎಚ್ಚರಿಕೆ ಎಂದು ಬೀಗುತ್ತಿದ್ದೆ. ಲ್ಯಾಪ್‌ಟಾಪಿನ ಮೇಲೆ ಡಿಸ್ಕಿಟ್ಟುಕೊಂಡು ನಡುಮನೆಗೆ ಬರುವಾಗ ಜೋತಾಡುತ್ತಿದ್ದ ಕೇಬಲ್ಲು ಕುರ್ಚಿಯ ಕಾಲಿಗೆ ಸಿಕ್ಕಿತು, ಡಿಸ್ಕು ಸೊಂಟದೆತ್ತರದಿಂದ ಕಡಪಾ ಕಲ್ಲಿನ ಮೇಲೆ ಬಿತ್ತು. ಗಿರಾಕಿಗಳು ಹೀಗೆ ತಂದಿದ್ದರೆ ಅರ್ಧ ಗಂಟೆ ಪಾಠ ಮಾಡುತ್ತಿದ್ದೆ. ಜೋಡಿಸಿದಾಗ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು. ಆ ಸದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ನಮ್ಮೂರಲ್ಲಿ ಇಲ್ಲ. ಕಾಲು ಗಂಟೆ ತಿಣುಕಿದ ಮೇಲೆ ಫೋಟೋಗಳ ಪಟ್ಟಿ ಪರದೆಯ ಮೇಲೆ ಬಂತು. ಒಂದೊಂದನ್ನು ತೆರೆಯಲು ಹತ್ತು ಹನ್ನೆರಡು ನಿಮಿಷ ಬೇಕಾಗಬಹುದಿತ್ತು, ತೆರೆಯುತ್ತಾ ತೆರೆಯುತ್ತಾ ಡಿಸ್ಕು ಸಾಯಬಹುದಿತ್ತು. ನಾನು ಒಂದನ್ನೂ ತೆರೆಯದೆ ಪಟ್ಟಿ ಮುಚ್ಚಿದೆ. ಅಂಗಡಿಗೆ ಒಯ್ದು ನಕಲಿಗೆ ಹಚ್ಚಿದೆ.

ನಾಲ್ಕು ದಿನ ಸಾಕು ಎಂದು ಪ್ರೋಗ್ರಾಂ ತೋರಿಸಿತು. ಗಡುವಿಗೆ ಹನ್ನೊಂದು ದಿನ ಇತ್ತು. ಏಳು ದಿನ ಕೈಯಲ್ಲಿ ಉಳಿಯುತ್ತದೆ ಎಂದು ಉಜ್ವಲಳಿಗೆ ಹೇಳಿದೆ. ಅವಳು ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು, ಚೀಲ ಇಳಿಸಿ, ಮೊದಲು ಪರದೆಯ ಮೇಲಿನ ಅಂಕಿ ನೋಡುತ್ತಿದ್ದಳು. ಮೊದಲ ದಿನ ನೂರಕ್ಕೆ ಇಪ್ಪತ್ತೆರಡು, ಎರಡನೇ ದಿನ ನಲವತ್ತು. ಮೂರನೇ ದಿನ ನಲವತ್ತೇಳು. ಆಮೇಲೆ ಅದು ತೆವಳಲು ಶುರು ಮಾಡಿತು. ಏಟು ಬಿದ್ದ ಜಾಗ ಬಂದಾಗಲೆಲ್ಲ ಡಿಸ್ಕು ಒಂದೇ ಚೂರನ್ನು ನೂರು ಸಲ ಓದಲು ಹೋಗಿ ನಿಂತುಬಿಡುತ್ತಿತ್ತು. ನಾನು ಬಿಸಿಯಾಗದಿರಲೆಂದು ಫ್ಯಾನು ಹಿಡಿದೆ, ನಿಲ್ಲಿಸಿ ತಣಿಸಿದೆ, ಓರೆಯಾಗಿಟ್ಟೆ, ಮಗುಚಿಟ್ಟೆ. ಗಿರಾಕಿಗಳನ್ನು ವಾಪಸು ಕಳಿಸಿದೆ. ಹದಿನಾಲ್ಕನೇ ತಾರೀಕು ಎಂಬತ್ತೊಂದು, ಹದಿನಾರಕ್ಕೆ ತೊಂಬತ್ತು. ಪಟ್ಟಿ ಇರುವ ಜಾಗವೇ ಹೆಚ್ಚು ಏಟು ತಿಂದಿತ್ತು, ಅದನ್ನು ಕೊನೆಗೆ ಓದಲು ಬಿಟ್ಟಿದ್ದೆ. ಅದು ಬಾರದೆ ನಕಲಿನಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಾಗುವಂತಿರಲಿಲ್ಲ. ನೋಡಬೇಕಾದರೆ ನಕಲು ಪೂರ್ತಿ ಮುಗಿಯಬೇಕು, ಇಲ್ಲವೇ ನಕಲು ನಿಲ್ಲಿಸಿ ಮೂಲವನ್ನೇ ತೆರೆಯಬೇಕು. ಬೇರೆ ದಾರಿ ಇರಲಿಲ್ಲ.

ಹದಿನೆಂಟರ ಬೆಳಿಗ್ಗೆ ತೊಂಬತ್ತೇಳು ಆಗಿತ್ತು. ಉಜ್ವಲಳನ್ನು ಶಾಲೆಗೆ ಕಳಿಸಲಿಲ್ಲ. ಅವಳೇ ಮಿಂದು, ಇದ್ದುದರಲ್ಲಿ ಒಳ್ಳೆಯ ಲಂಗ ಹಾಕಿಕೊಂಡು, ನೋಟದ ದಿನಕ್ಕೆ ಹೇಗೆ ಕೂರಬೇಕೋ ಹಾಗೆ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು. ಮಧ್ಯಾಹ್ನ ತೊಂಬತ್ತೆಂಟೂವರೆ. ದಸ್ತಗೀರ್ ಸಾಹೇಬರು ಸ್ಟುಡಿಯೋ ಮುಚ್ಚಿ ಬಂದು ಅವಳ ಪಕ್ಕ ಕೂತರು. ಅವರಿಗೆ ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ, ಆದರೂ ಪರದೆಯ ಕಡೆಗೇ ಮುಖ ಮಾಡಿದ್ದರು. ನಾಲ್ಕು ಗಂಟೆಗೆ ತೊಂಬತ್ತೊಂಬತ್ತಾಯಿತು. ಐದಕ್ಕೂ ತೊಂಬತ್ತೊಂಬತ್ತೇ. ಉಳಿದ ಸಮಯ ನಲವತ್ತು ನಿಮಿಷ ಎಂದು ತೋರಿಸುತ್ತಿತ್ತು, ಒಂದು ಗಂಟೆಯಿಂದಲೂ ಅದೇ ನಲವತ್ತನ್ನು ತೋರಿಸುತ್ತಿತ್ತು.

ಆಗ ಉಜ್ವಲ ಎದ್ದು ಬಂದು ನನ್ನ ಕುರ್ಚಿಯ ಕೈ ಹಿಡಿದುಕೊಂಡು ನಿಂತಳು. "ಅಪ್ಪ, ಎಲ್ಲ ಬೇಡ. ಒಂದೇ ಒಂದು ತೋರ್ಸು. ಅಮ್ಮ ಕನ್ನಡಿ ಮುಂದೆ ತಲೆ ಬಾಚ್ಕೊಳ್ತಾ ಇರೋದಿದ್ಯಲ್ಲ, ಅದೊಂದು ಸಾಕು."

ನಾನು ಬೇಡವೆಂದು ತಲೆಯಾಡಿಸಿದೆ. ಈಗ ನಿಲ್ಲಿಸಿ ಒಂದನ್ನು ತೆರೆದರೆ, ಇಷ್ಟು ದಣಿದ ಡಿಸ್ಕು ಮತ್ತೆ ನಕಲಿಗೆ ಏಳುವುದಿಲ್ಲ, ಹನ್ನೊಂದು ದಿನದ ಕೆಲಸ ಮಣ್ಣುಪಾಲಾಗುತ್ತದೆ ಎಂದು ವಿವರಿಸಿದೆ. ಒಂಬತ್ತು ವರ್ಷದ ಮಗುವಿಗೆ ನಾನು ಡಿಸ್ಕಿನ ಒಳಗಿನ ಓದುವ ಸೂಜಿಯ ಬಗ್ಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

"ಮಾಲಿಂಗಪ್ಪ," ಎಂದರು ಸಾಹೇಬರು. "ಮಗು ಕೇಳ್ತಿರೋದು ಒಂದು ಮುಖ. ಒಂದು ಮುಖ ಉಳಿದ್ರೆ ತಾಯಿ ಉಳಿದಂಗೆ. ಎರಡ್ ಸಾವ್ರ ಇಟ್ಕೊಂಡು ಏನ್ ಮಾಡ್ತೀಯ? ತೆಗೆದು ತೋರ್ಸಪ್ಪ."

ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದೇನಿಲ್ಲ. ಕೈ ಮೌಸಿನ ಮೇಲೇ ಇತ್ತು. ಆದರೆ ನನಗೆ ಎಲ್ಲವೂ ಬೇಕಿತ್ತು. ಸೊಪ್ಪು ಬಿಡಿಸುವುದೂ ಬೇಕಿತ್ತು, ಬಚ್ಚಲ ಒಲೆಯೂ ಬೇಕಿತ್ತು, ಬಸುರಿಯಾಗಿ ನಿಂತದ್ದೂ ಬೇಕಿತ್ತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ರುದ್ರಮುನಿ ಮೇಷ್ಟ್ರು ಕಣ್ಣ ಮುಂದೆ ಬಂದರು. ಅವರು ಮಾಡಿದ್ದನ್ನು ನಾನು ಮಾಡುವುದೇ? ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ನನ್ನ ಮೇಜಿನಲ್ಲೇ ಮುರಿಯುವುದೇ? "ಇನ್ನೇನ್ ಮುಗೀತು ಸಾಹೇಬ್ರೇ," ಎಂದೆ. "ಸ್ವಲ್ಪ ತಡ್ಕೊ ಪುಟ್ಟಿ. ಒಂದಲ್ಲ, ಎಲ್ಲಾನೂ ತೋರಿಸ್ತೀನಿ."

ಅವಳು ಬೆಂಚಿಗೆ ಹೋಗಿ ಕೂತಳು. ಆರು ಗಂಟೆಗೆ ಸಾಹೇಬರು ಎದ್ದು ಬಾಗಿಲಲ್ಲಿ ನಿಂತು ಪಡುವಣ ಕಡೆ ನೋಡಿ ಒಳಗೆ ಬಂದರು. ಆರೂಕಾಲಿಗೆ ಇನ್ನೊಮ್ಮೆ ಹೋದರು. ಎದುರಿನ ನೀರಿನ ಟ್ಯಾಂಕಿನ ಮೇಲಿನ ಬಿಸಿಲು ಅಂಚಿಗೆ ಬಂದು, ಆಮೇಲೆ ಅಂಚಿನಲ್ಲೂ ಇಲ್ಲವಾಯಿತು. ಪರದೆಯ ಮೇಲೆ ತೊಂಬತ್ತೊಂಬತ್ತು ಹಾಗೇ ಇತ್ತು. ಸಾಹೇಬರು ಉಜ್ವಲಳ ತಲೆಯ ಮೇಲೆ ಕೈಯಾಡಿಸಿ ಮನೆಗೆ ಹೋದರು. ನಾವೂ ಮನೆಗೆ ಹೋದೆವು.

ಗಡುವು ದಾಟಿದ ಯಾರಿಗೂ ನಮ್ಮೂರಲ್ಲಿ ರಿಯಾಯಿತಿ ಸಿಕ್ಕಿಲ್ಲ. ಅದು ಗೊತ್ತಿದ್ದೂ ನಾನು ಒಂದು ಆಸೆ ಇಟ್ಟುಕೊಂಡಿದ್ದೆ. ಹನ್ನೊಂದು ದಿನ ಅದರ ಮುಂದೆಯೇ ಕೂತಿದ್ದೆನಲ್ಲ, ಕಣ್ಣು ಮಿಟುಕಿಸದೆ ಕಾದಿದ್ದೆನಲ್ಲ, ಅದನ್ನೂ ನೋಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದುಕೊಂಡೆ. ಮರುದಿನ ಬೆಳಿಗ್ಗೆ ಹತ್ತೂವರೆಗೆ ನಕಲು ಮುಗಿಯಿತು. ಓದಲಾಗದ ಭಾಗ ಸೊನ್ನೆ ಎಂದು ಪ್ರೋಗ್ರಾಂ ಬರೆಯಿತು. ಕಲ್ಲಿನ ಮೇಲೆ ಬಿದ್ದ ಡಿಸ್ಕಿನಿಂದ ಒಂದು ಚೂರೂ ಬಿಡದೆ ಎತ್ತಿದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಹೇಳಬಾರದು, ಆದರೂ ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು.

ಉಜ್ವಲಳಿಗೆ ಗೊತ್ತಾಗದಂತೆ ಮೊದಲು ನಾನೊಬ್ಬನೇ ನೋಡಬೇಕೆಂದಿದ್ದೆ. ಆದರೆ ಅವಳು ಅವತ್ತೂ ಶಾಲೆಗೆ ಹೋಗದೆ ಪಕ್ಕದಲ್ಲೇ ಇದ್ದಳು. ಮೊದಲನೆಯದನ್ನು ತೆರೆದೆ. ಬಣ್ಣ ಚೂರೂ ಮಾಸಿರಲಿಲ್ಲ. ನಮ್ಮ ಹಳೆಯ ಮನೆಯ ಜಗಲಿ, ಮೊರದ ತುಂಬ ಸೊಪ್ಪು, ಹಸಿರು ಕುಪ್ಪಸದ ಬೆನ್ನು. ಮುಂದಿನದು, ಒಲೆಯ ಬೆಳಕಿನಲ್ಲಿ ಹೊಳೆಯುವ ತುರುಬು. ಮುಂದಿನದು, ಬಾಗಿಲ ಚೌಕಟ್ಟು, ಸೊಂಟದ ಮೇಲಿಟ್ಟ ಕೈ, ಜಡೆ. ಮಗುವನ್ನು ಎತ್ತಿಕೊಂಡ ಫೋಟೋಗಳಲ್ಲಿ ಮಗುವೂ ತಿರುಗಿತ್ತು, ಎಣ್ಣೆ ಹಚ್ಚಿದ ಸಣ್ಣ ತಲೆಯ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಯಾರೂ ಓಡಿಹೋಗುತ್ತಿರಲಿಲ್ಲ, ಮುನಿಸಿಕೊಂಡಂತೆಯೂ ಇರಲಿಲ್ಲ. ನಾವು ಕರೆಯುವ ಕಡೆ ಬಿಟ್ಟು ಬೇರೆಲ್ಲೋ ಅವಳಿಗೆ ನೋಡುವುದಿತ್ತು, ಅಷ್ಟೆ.

ಕೊನೆಗೆ ತಲೆ ಬಾಚುವ ಫೋಟೋ ತೆಗೆದೆ. ಎತ್ತಿದ ಕೈ, ಕೈಯಲ್ಲಿ ಬಾಚಣಿಗೆ, ಬಿಚ್ಚಿದ ಕೂದಲು. ಎದುರಿಗೆ ಕನ್ನಡಿ ಇತ್ತು. ಉಜ್ವಲ ಬಗ್ಗಿ ಕನ್ನಡಿಯ ಮೇಲೆ ಬೆರಳಿಟ್ಟಳು. ನಾನು ಆ ಭಾಗವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಕನ್ನಡಿಯಲ್ಲೂ ಕೂದಲೇ ಇತ್ತು.

ಆಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ್ದೆಲ್ಲ ಅಲೆದಾಟ. ಅವಳ ಮುಖ ಇನ್ನೆಲ್ಲಾದರೂ ಉಳಿದಿರಬಹುದೆಂದು ಮನೆಮನೆ ತಿರುಗಿದೆ. ಅಕ್ಕ ಗಂಗಾಂಬಿಕೆಯ ಮನೆಯಲ್ಲಿ ನಮ್ಮ ಮದುವೆಯ ಆಲ್ಬಮ್ಮಿತ್ತು. ಅಕ್ಕ ಇದ್ದಳು, ಭಾವ ಇದ್ದರು, ನಾನು ಬಾಸಿಂಗ ಕಟ್ಟಿಕೊಂಡು ಹಲ್ಲು ಕಿರಿದಿದ್ದೆ, ನನ್ನ ಪಕ್ಕದಲ್ಲಿ ಜರಿಯ ಸೆರಗಿನ ಬೆನ್ನು. ನನ್ನ ತಮ್ಮ ಅಂತ ನಿನ್ನ ನೋಡ್ಕೊಂಡೆ ಕಣೋ ಎಂದು ಅಕ್ಕ ಅತ್ತಳು. ಅವಳನ್ನು ಬೈಯಲು ನನಗೇನು ಬಾಯಿ ಇದೆ? ವಿಮಲಾಕ್ಷಿಯನ್ನು ಸಾಕಿದ ಚಿಕ್ಕಮ್ಮ ಕಣ್ಣು ಮುಚ್ಚಿ ಆರು ವರ್ಷವಾಗಿತ್ತು, ಅವರ ಪೆಟ್ಟಿಗೆಯಲ್ಲಿದ್ದ ಫೋಟೋಗಳನ್ನು ಮನೆಯವರು ಒಲೆಗೆ ಹಾಕಿದ್ದರು. ಅವಳು ಓದಿದ ಶಾಲೆಯ ಗುಂಪಿನ ಫೋಟೋದಲ್ಲಿ ಜಡೆ ಹಾಕಿದ ಹದಿನೆಂಟು ಹುಡುಗಿಯರ ಬೆನ್ನುಗಳಿದ್ದವು. ಯಾವುದು ಅವಳು ಎಂದು ನನಗೆ ಗುರುತು ಹತ್ತಲಿಲ್ಲ. ಅವಳು ಹಿಂದೊಮ್ಮೆ ಫೋಟೋ ಅಂಟಿಸಿ ಅರ್ಜಿ ಕೊಟ್ಟಿದ್ದು ನೆನಪಾಗಿ ಪುರಸಭೆಗೆ ಹೋಗಿ ಹಳೆಯ ಕಡತ ತೆಗೆಸಿದೆ. ಆ ಗುಮಾಸ್ತೆ, ಮಾವನನ್ನು ನೋಡುವವಳು, ಧೂಳು ಒರೆಸಿ ಅರ್ಜಿಯನ್ನು ನನ್ನ ಕಡೆ ತಿರುಗಿಸಿದಳು. ಬೆರಳುಗುರಿನಷ್ಟು ಕಪ್ಪುಬಿಳುಪು ಚೌಕದಲ್ಲಿ ಬೈತಲೆಯ ಕೊನೆ ಕಾಣುತ್ತಿತ್ತು.

ಸಾಹೇಬರು ಇನ್ನೊಂದು ಉಪಾಯ ಮಾಡಿದರು. ಮುಖ ನೋಡಿದವರೆಲ್ಲ ಬಾಯಲ್ಲಿ ಹೇಳಿದರೆ ಮಗು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅವಳನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳಿದರು. ಅಗಲ ಹಣೆ, ಎಡಗೆನ್ನೆಯ ಮೇಲೆ ಮಚ್ಚೆ. ಅಕ್ಕ ಮಚ್ಚೆ ಬಲಗೆನ್ನೆಯದು ಎಂದಳು, ಹಣೆ ಅಗಲವೇನಿರಲಿಲ್ಲ ಎಂದಳು. ಉಜ್ವಲ ನನ್ನನ್ನು ಕೇಳಿದಳು. ನಾನು ಬಾಯಿ ತೆರೆದೆ. ಮಚ್ಚೆ ಇತ್ತು ಎಂದು ಗೊತ್ತು, ನಾನೇ ಅದರ ಮೇಲೆ ಬೆರಳಿಟ್ಟಿದ್ದೇನೆ. ಯಾವ ಕಡೆ ಎಂದು ಎಷ್ಟು ಯೋಚಿಸಿದರೂ ಕೈ ಎರಡೂ ಕಡೆ ಹೋಗುತ್ತಿತ್ತು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅವತ್ತಿನಿಂದ ಅವಳು ಯಾರನ್ನೂ ಕೇಳಲಿಲ್ಲ.

ನನ್ನನ್ನು ಬೈಯಲೂ ಇಲ್ಲ. ಒಂದೇ ಒಂದು ಕೇಳಿದ್ದೆ, ಕೊಡಲಿಲ್ಲ ಎಂದು ಒಮ್ಮೆ ಕಿರುಚಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದಳು, ಮಗ್ಗಿ ಒಪ್ಪಿಸುತ್ತಿದ್ದಳು, ಜಡೆ ಹಾಕು ಎಂದು ಬೆನ್ನು ಕೊಟ್ಟು ಕೂರುತ್ತಿದ್ದಳು. ನಾನು ಬಾಚಣಿಗೆ ಹಿಡಿದು ಆ ಪುಟ್ಟ ಬೆನ್ನನ್ನು ನೋಡುತ್ತಾ ಎಷ್ಟೋ ಸಲ ಅತ್ತಿದ್ದೇನೆ. ಅಂಗಡಿಗೆ ಯಾರಾದರೂ ಕೆಟ್ಟ ಡಿಸ್ಕು ತಂದರೆ ಈಗ ನಾನು ಏನನ್ನೂ ಹೇಳುವುದಿಲ್ಲ. ಮೊದಲು ನಕಲೋ ಮೊದಲು ನೋಟವೋ, ನೀವೇ ಹೇಳಿ ಎನ್ನುತ್ತೇನೆ. ಜನಕ್ಕೆ ನನ್ನ ಮೇಲಿನ ನಂಬಿಕೆ ಹೋಗಿದೆ. ಹೋಗಲಿ.

ಈ ವರ್ಷ ಫೆಬ್ರವರಿ ಹದಿನೆಂಟು ಹತ್ತಿರ ಬಂದಾಗ ಅಳಿಸಿಬಿಡಬೇಕೆಂದು ತೀರ್ಮಾನಿಸಿದೆ. ಬೆನ್ನು ಇಟ್ಟುಕೊಂಡ ಮನೆ ಎಂದು ಆಗಲೇ ಜನ ಆಡಿಕೊಳ್ಳುತ್ತಿದ್ದರು, ಅಕ್ಕನೂ ಎರಡು ಸಲ ಹೇಳಿ ಕಳಿಸಿದ್ದಳು. ಊರವರ ಬೆನ್ನುಗಳನ್ನು ಅಳಿಸಿದ ಕೈಗೆ ಇದೇನು ಹೊಸ ಕೆಲಸವಲ್ಲ. ಹದಿನೆಂಟರ ಬೆಳಿಗ್ಗೆ ಡಿಸ್ಕು ಜೋಡಿಸಿಕೊಂಡು ಕೂತಿದ್ದೆ. ಉಜ್ವಲ ಬಚ್ಚಲಿನಿಂದ ಮಿಂದು ಬಂದಳು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡಿದ್ದಳು, ನೋಟದ ದಿನದ ಲಂಗ ಹಾಕಿದ್ದಳು, ಅದು ಅವಳಿಗೆ ಗಿಡ್ಡವಾಗಿತ್ತು. ನನ್ನ ಪಕ್ಕದಲ್ಲಿ ಬಂದು ಕೂತು ಶುರು ಮಾಡಪ್ಪ ಎಂದಳು. ನೋಡೋಕೆ ಏನಿದೆ ಪುಟ್ಟಿ ಎಂದೆ. ಮುಖವಂತೂ ಬರುವುದಿಲ್ಲ, ನೋಡಿದರೂ ಬರುವುದಿಲ್ಲ ಎಂದೆ.

"ಗೊತ್ತು," ಎಂದಳು. "ಬೆನ್ನಾದ್ರೂ ಇದ್ಯಲ್ಲಪ್ಪ. ಇದನ್ನೂ ನೋಡ್ದೆ ಬಿಟ್ಬಿಟ್ರೆ, ಅಮ್ಮ ಅಲ್ಲಿಂದ ನಡ್ಕೊಂಡು ಹೋಗ್ಬಿಟ್ರೆ?"

ನಮ್ಮೂರ ಮನೆಗಳಲ್ಲಿ ಬರೀ ಬೆನ್ನನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಂಡವರೇ ಇಲ್ಲ. ಎಲ್ಲರೂ ಸುಟ್ಟವರೇ, ಅಳಿಸಿದವರೇ. ಪುರಸಭೆಯ, ಶಾಲೆಯ, ಆಲ್ಬಮ್ಮುಗಳ ಬೆನ್ನುಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಎಂದು ಎಣಿಸಿದವರಿಲ್ಲ. ತಿರುಗಿ ನಿಂತವರು ಆಮೇಲೆ ಏನು ಮಾಡುತ್ತಾರೆ, ಅಲ್ಲೇ ನಿಂತಿರುತ್ತಾರೋ ಹೊರಟುಹೋಗುತ್ತಾರೋ, ಹೇಳಬಲ್ಲವರು ಯಾರೂ ಇಲ್ಲ. ನನಗೂ ಗೊತ್ತಿರಲಿಲ್ಲ. 

ಮೊದಲನೆಯದನ್ನು ತೆರೆದೆ. ಮುಂಚೆಲ್ಲ ಒಂದೊಂದಕ್ಕೆ ಹತ್ತು ಹದಿನೈದು ಸೆಕೆಂಡು ಸಾಕಾಗುತ್ತಿತ್ತು. ಈಗ ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಕಿವಿಯ ಅಂಚು, ಕತ್ತಿನ ಪಕ್ಕ, ಎಲ್ಲಾದರೂ ಕೆನ್ನೆಯ ಗೆರೆ ಇಷ್ಟೇ ಇಷ್ಟು ಕಾಣಿಸೀತೇ ಎಂದು ಹುಡುಕುತ್ತಿದ್ದಳು. ಇಲ್ಲವೆಂದು ಖಾತ್ರಿಯಾದ ಮೇಲೆ, ಹೂಂ, ಮುಂದಿನದು ಎನ್ನುತ್ತಿದ್ದಳು. ಒಂದೊಂದಕ್ಕೂ ಅದೇ ಹುಡುಕಾಟ, ಒಂದೊಂದಕ್ಕೂ ಅದೇ ಹೂಂ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಹೋಯಿತು. ಹೊತ್ತು ಮುಳುಗಿದಾಗ ಎರಡು ಸಾವಿರದ ಮುನ್ನೂರ ಹದಿನಾಲ್ಕರಲ್ಲಿ ಮುನ್ನೂರ ಅರವತ್ತೆರಡು ಆಗಿತ್ತು. ಇನ್ನೂ ಎಷ್ಟಿದೆ ಅಪ್ಪ ಎಂದು ಕೇಳಿದಳು. ಸ್ವಲ್ಪ ಇದೆ ಎಂದು ಹೇಳಿ ಮುಂದಿನದನ್ನು ತೆರೆದೆ.